ವಾಗ್ಲೋಪ ಮತ್ತು ಡಿಮೆನ್ಷಿಯಾ

ಹಿಂದೆ ಭಾಷೆಯನ್ನು ಸಮರ್ಥವಾಗಿ ಬಳಸುತ್ತಿದ್ದ ವ್ಯಕ್ತಿಯಲ್ಲಿ, ಮಿದುಳಿನ ವ್ಯಾಧಿಯಿಂದಾಗಲಿ ಆಘಾತದಿಂದಾಗಲಿ, ಮಾತನಾಡುವ, ಮಾತನ್ನು ಗ್ರಹಿಸುವ, ಓದುವ ಮತ್ತು ಬರೆಯುವ ಶಕ್ತಿಗಳು ಕುಂದುವುದಕ್ಕೆ ವಾಗ್ಲೋಪವೆಂದು ಹೆಸರು. ನೆನಪು, ವಿವೇಚನೆ, ಭಾಷೆ, ದೇಶಕಾಲಗಳ ಪರಿಜ್ಞಾನ ಮೊದಲಾದ ಅನೇಕ ಮನಶ್ಶಕ್ತಿಗಳು ಒಂದರ ಹಿಂದೊಂದಾಗಿ ಕ್ಷಯಿಸಿ, ಮನುಷ್ಯನು ತನ್ನ ನಿತ್ಯದ ಕೆಲಸಗಳಿಗೂ ಪರರನ್ನು ಆಶ್ರಯಿಸಬೇಕಾಗಿ ಬರುವ ಲಕ್ಷಣಸಮುದಾಯಕ್ಕೆ ಡಿಮೆನ್ಷಿಯಾ ಎಂದು ಹೆಸರು. ಮೊದಲನೆಯದರಲ್ಲಿ ಕೆಡುವುದು ಪ್ರಧಾನವಾಗಿ ಭಾಷೆ. ಆಲೋಚನೆ, ಅಭಿಮಾನ, ಬಂಧುಗಳ ಗುರುತು ಬಹುಮಟ್ಟಿಗೆ ಉಳಿದಿರುತ್ತವೆ. ಎರಡನೆಯದರಲ್ಲಿ ಆಲೋಚನೆಯೇ ಶಿಥಿಲವಾಗುತ್ತ ಬಂದು, ಭಾಷೆ ಅದನ್ನು ಹಿಂಬಾಲಿಸಿ ಬಡವಾಗುತ್ತದೆ. ಎರಡೂ ಸೇರಿ ಬರುವ ರೋಗಗಳೂ ಉಂಟು. ಈ ಭೇದವನ್ನು ಅರಿಯದ ಮನೆಗಳಲ್ಲಿ ವಾಗ್ಲೋಪ ಹೊಂದಿದವನನ್ನು ಬುದ್ಧಿಗೆಟ್ಟವನೆಂದೂ, ಡಿಮೆನ್ಷಿಯಾ ಹೊಂದಿದವನನ್ನು ಹಟಮಾರಿಯೆಂದೂ ಭಾವಿಸುವುದರಿಂದ, ರೋಗ ತರುವ ಕಷ್ಟಕ್ಕೆ ಸುತ್ತಲಿನವರ ವರ್ತನೆ ತರುವ ಕಷ್ಟವೂ ಕೂಡಿಕೊಳ್ಳುತ್ತದೆ.

ಪಾರಿಭಾಷಿಕ ವಿವೇಚನೆ

ವೈದ್ಯರು ಅಫೇಸಿಯಾ ಎನ್ನುವುದನ್ನೇ ಈ ಲೇಖನದಲ್ಲಿ ವಾಗ್ಲೋಪವೆಂದು ಕರೆದಿದೆ. ನಾಲಗೆ, ತುಟಿ, ಗಂಟಲುಗಳ ಸ್ನಾಯುಗಳು ದುರ್ಬಲವಾಗಿ ಉಚ್ಚಾರಣೆ ತೊದಲುವುದು ವಾಗ್ಲೋಪವಲ್ಲ, ಏಕೆಂದರೆ ಅಂಥವನು ಹೇಳಲಾರದುದನ್ನು ತಪ್ಪಿಲ್ಲದೆ ಬರೆದು ತೋರಿಸಬಲ್ಲನು. ಅದಕ್ಕೆ ಡಿಸಾರ್ಥ್ರಿಯಾ ಎಂಬ ಬೇರೆಯ ಹೆಸರಿದೆ. ಸ್ನಾಯುಗಳಲ್ಲಿ ದೌರ್ಬಲ್ಯವಿಲ್ಲದಿದ್ದರೂ ಉಚ್ಚಾರಣೆಯ ಚಲನೆಗಳನ್ನು ಅನುಕ್ರಮವಾಗಿ ಜೋಡಿಸಲಾರದ ಅಪ್ರಾಕ್ಸಿಯಾ ಮೂರನೆಯದು. ವಾಗ್ಲೋಪವು ಕಂಠದ ದೋಷವಲ್ಲದೆ ಭಾಷೆಯ ದೋಷವೆಂಬುದಕ್ಕೆ, ಹುಟ್ಟುಕಿವುಡರಾಗಿ ಸಂಕೇತಭಾಷೆಯನ್ನೇ ತಾಯ್ನುಡಿಯಾಗಿ ಪಡೆದವರು ಎಡ ಮಿದುಳಿಗೆ ಪೆಟ್ಟಾದಾಗ ಕೈಸನ್ನೆಯಲ್ಲಿಯೇ ವಾಗ್ಲೋಪದ ಲಕ್ಷಣಗಳನ್ನು ತೋರುವರೆಂಬ ಸಂಗತಿಗಿಂತ ಬಲವಾದ ಪ್ರಮಾಣ ಬೇಕಿಲ್ಲ.

ಡಿಮೆನ್ಷಿಯಾ ಒಂದು ರೋಗದ ಹೆಸರಲ್ಲ, ಹಲವು ರೋಗಗಳು ಉಂಟುಮಾಡುವ ಅವಸ್ಥೆಯ ಹೆಸರು. ಅವುಗಳಲ್ಲಿ ಆಲ್‌ಝೈಮರ್ ರೋಗವೇ ಅಗ್ರಗಣ್ಯ. ಶೇಕಡ 60ರಿಂದ 70ರಷ್ಟು ಪ್ರಸಂಗಗಳಿಗೆ ಅದು ಕಾರಣ. ಜನ್ಮತಃ ಬರುವ ಬುದ್ಧಿಮಾಂದ್ಯವನ್ನು ಇದರೊಡನೆ ಬೆರೆಸಬಾರದು. ಮುಪ್ಪಿನಲ್ಲಿ ಸಹಜವಾಗಿ ಬರುವ ಮರೆವೂ ಬೇರೆಯೇ. ಕನ್ನಡಕವನ್ನು ಎಲ್ಲಿಟ್ಟೆನೆಂದು ಮರೆಯುವುದು ವಯೋಧರ್ಮ. ಕನ್ನಡಕ ಏತಕ್ಕೆಂಬುದೇ ತೋಚದಿರುವುದು ವ್ಯಾಧಿ. ಅರವತ್ತಕ್ಕೆ ಅರಳುಮರಳೆಂಬ ನಾಣ್ಣುಡಿ ಇವೆರಡನ್ನೂ ಒಂದೇ ಮೂಟೆ ಕಟ್ಟಿಬಿಟ್ಟಿರುವುದರಿಂದ, ಎಷ್ಟೋ ಮನೆಗಳಲ್ಲಿ ರೋಗದ ಆರಂಭದ ವರ್ಷಗಳು ಗಮನಕ್ಕೇ ಬಾರದೆ ಕಳೆದುಹೋಗುತ್ತವೆ.

ಇತಿಹಾಸ

ಮಾತಿನ ನಷ್ಟಕ್ಕೂ ಮಿದುಳಿನ ಎಡಭಾಗದ ಹಾನಿಗೂ ಇರುವ ಸಂಬಂಧವನ್ನು ಫ್ರಾನ್ಸಿನ ವೈದ್ಯ ಮಾರ್ಕ್ ಡಾಕ್ಸ್ 1836ರಲ್ಲಿಯೇ ಬರೆದಿಟ್ಟಿದ್ದನಾದರೂ, ಆ ಪ್ರಬಂಧ 1865ರವರೆಗೆ ಅಚ್ಚಾಗಲಿಲ್ಲ. ಏತನ್ಮಧ್ಯೆ, 1861ರ ಏಪ್ರಿಲ್‌ನಲ್ಲಿ, ಪ್ಯಾರಿಸಿನ ಬಿಸೇತ್ರ್ ಆಸ್ಪತ್ರೆಯಲ್ಲಿ ಇಪ್ಪತ್ತೊಂದು ವರ್ಷ ಕಳೆದಿದ್ದ, ಏನು ಕೇಳಿದರೂ 'ತಾನ್ ತಾನ್' ಎಂಬ ಒಂದೇ ಧ್ವನಿಯನ್ನು ಉತ್ತರವಾಗಿ ಕೊಡುತ್ತಿದ್ದ ಲೆಬೋರ್ನ್ ಎಂಬ ರೋಗಿ ತೀರಿಕೊಂಡಾಗ, ಶಸ್ತ್ರವೈದ್ಯ ಪಾಲ್ ಬ್ರೋಕಾ ಅವನ ಮಿದುಳನ್ನು ಪರೀಕ್ಷಿಸಿ, ಎಡ ಲಲಾಟಖಂಡದ ಕೆಳಭಾಗದಲ್ಲಿ ಹಾನಿಯಿರುವುದನ್ನು ವಿದ್ವತ್ಸಭೆಯ ಮುಂದಿಟ್ಟನು. ಅದೇ ವರ್ಷ ಪರೀಕ್ಷಿಸಿದ ಲೆಲಾಂಗ್ ಎಂಬ ಎರಡನೆಯ ರೋಗಿಗೆ ಉಳಿದಿದ್ದುದು ಐದು ಶಬ್ದಗಳು ಮಾತ್ರ. ಅವುಗಳಲ್ಲಿ ಒಂದು ಅವನ ಹೆಸರಿನ ತುಂಡು. ಅಫೇಸಿಯಾ ಎಂಬ ಹೆಸರನ್ನು ರೂಢಿಗೆ ತಂದವನು ಆರ್ಮಾಂ ಟ್ರೂಸೊ, 1864ರಲ್ಲಿ.

ಬ್ರೋಕಾನ ರೋಗಿಗಳು ಅರ್ಥಮಾಡಿಕೊಂಡು ಹೇಳಲಾರದವರು. ಇದಕ್ಕೆ ವಿಪರ್ಯಯವಾಗಿ, ಧಾರಾಳವಾಗಿ ಮಾತನಾಡುತ್ತಲೇ ಕೇಳಿದ್ದನ್ನು ಅರಿಯಲಾರದ ರೋಗಿಗಳಿರುವರೆಂದೂ, ಅವರಲ್ಲಿ ಹಾನಿಯಿರುವುದು ಎಡ ಶಂಖಖಂಡದ ಹಿಂಭಾಗದಲ್ಲೆಂದೂ ಜರ್ಮನಿಯ ಕಾರ್ಲ್ ವೆರ್ನಿಕೆ 1874ರಲ್ಲಿ, ತನ್ನ ಇಪ್ಪತ್ತಾರನೆಯ ವಯಸ್ಸಿನಲ್ಲಿ, ತೋರಿಸಿಕೊಟ್ಟನು. ಇಂಗ್ಲೆಂಡಿನ ಹ್ಯೂಲಿಂಗ್ಸ್ ಜಾಕ್ಸನ್ ಸ್ಥಾನನಿರ್ದೇಶದ ಈ ಉತ್ಸಾಹದಲ್ಲಿ ಬೆರೆಯದೆ, ಯೋಚಿಸಿ ಕಟ್ಟುವ ಮಾತು ಬೇರೆ, ತಾನಾಗಿ ಹೊರಡುವ ಮಾತು ಬೇರೆ ಎಂಬ ವಿವೇಕವನ್ನು ಮುಂದಿಟ್ಟನು. ಬಾಯಿಂದ ಒಂದು ವಾಕ್ಯ ಹೊರಡದವನೂ ವಾರಗಳ ಹೆಸರು, ಮಗ್ಗಿ, ದೇವರ ಶ್ಲೋಕ, ಬೈಗುಳಗಳನ್ನು ಸರಾಗವಾಗಿ ನುಡಿಯಬಲ್ಲನೆಂಬ, ಮನೆಯವರಿಗೆ ಸೋಜಿಗವೆನಿಸುವ ಸಂಗತಿಗೆ ವಿವರಣೆ ಇದರಲ್ಲಿಯೇ ಇದೆ.

ಡಿಮೆನ್ಷಿಯಾದ ಇತಿಹಾಸವೂ ಒಂದರ್ಥದಲ್ಲಿ ಭಾಷೆಯಿಂದಲೇ ಆರಂಭವಾಗುತ್ತದೆ. 1901ರ ನವೆಂಬರಿನಲ್ಲಿ ಫ್ರಾಂಕ್‌ಫರ್ಟಿನ ಮಾನಸಿಕ ಚಿಕಿತ್ಸಾಲಯಕ್ಕೆ ಬಂದ ಐವತ್ತೊಂದು ವರ್ಷದ ಔಗುಸ್ತೆ ಡೆಟರ್ ಎಂಬ ಸ್ತ್ರೀಯನ್ನು ಅಲೋಯಿಸ್ ಆಲ್‌ಝೈಮರ್ ಪ್ರಶ್ನಿಸಿ ಬರೆದುಕೊಂಡ ಟಿಪ್ಪಣಿಗಳಲ್ಲಿ, ಆಕೆ ಹೂಕೋಸನ್ನೂ ಹಂದಿಮಾಂಸವನ್ನೂ ತಿನ್ನುತ್ತಿರುವಾಗಲೇ, ತಿನ್ನುತ್ತಿರುವುದೇನೆಂದು ಕೇಳಿದುದಕ್ಕೆ ಪಾಲಕ್ ಸೊಪ್ಪೆಂದು ಉತ್ತರಿಸಿದುದು ದಾಖಲಾಗಿದೆ. 1906ರಲ್ಲಿ ಆಕೆ ಮರಣಹೊಂದಿದ ಮೇಲೆ ಮಿದುಳಿನಲ್ಲಿ ಕಂಡ ಚಕ್ಕೆಗಳನ್ನೂ ನರತಂತುಗಳ ಸಿಕ್ಕುಗಳನ್ನೂ ಆತನು ಅದೇ ವರ್ಷ ಟ್ಯೂಬಿಂಗೆನ್‌ನಲ್ಲಿ ವರ್ಣಿಸಿದನು. 1910ರಲ್ಲಿ ಎಮಿಲ್ ಕ್ರೇಪೆಲಿನ್ ತನ್ನ ಪಠ್ಯಗ್ರಂಥದಲ್ಲಿ ರೋಗಕ್ಕೆ ಆಲ್‌ಝೈಮರ್‌ನ ಹೆಸರನ್ನಿತ್ತನು. ಮಾತಿನ ಕ್ಷಯವೇ ಮುಂದಾಗಿ ಬರುವ ಇನ್ನೊಂದು ಜಾತಿಯನ್ನು ಪ್ರಾಗ್‌ನ ಆರ್ನಾಲ್ಡ್ ಪಿಕ್ 1892ರಲ್ಲಿಯೇ ಗುರುತಿಸಿದ್ದನು. ಅದು ಬಹುಕಾಲ ಮರೆತುಹೋಗಿದ್ದು, 1982ರಲ್ಲಿ ಅಮೆರಿಕದ ಮಾರ್ಸೆಲ್ ಮೆಸುಲಂ ಆರು ಮಂದಿ ರೋಗಿಗಳನ್ನು ವರ್ಣಿಸಿದ ಮೇಲೆ ಮತ್ತೆ ಬೆಳಕಿಗೆ ಬಂದಿತು.

ಮಿದುಳಿನ ರಚನೆ ಮತ್ತು ರೋಗಕಾರಣಗಳು

ಬಲಗೈ ರೂಢಿಯವರಲ್ಲಿ ಬಹುತೇಕ ಎಲ್ಲರಿಗೂ, ಎಡಗೈ ರೂಢಿಯವರಲ್ಲಿಯೂ ಹೆಚ್ಚಿನವರಿಗೆ, ಭಾಷೆಯ ವ್ಯಾಪಾರ ಮಿದುಳಿನ ಎಡ ಗೋಳಾರ್ಧದಲ್ಲಿ ನಡೆಯುತ್ತದೆ. ಈ ಪ್ರದೇಶಕ್ಕೆ ರಕ್ತ ಹರಿಸುವ ಮಧ್ಯ ಮಿದುಳು ಧಮನಿಯಲ್ಲಿ ತಡೆಯುಂಟಾದಾಗ ಬಲಗೈ ಬಲಗಾಲುಗಳು ಸ್ವಾಧೀನ ತಪ್ಪುವುದರೊಡನೆ ಮಾತೂ ಬಿದ್ದುಹೋಗುತ್ತದೆ. ಜನ ಲಕ್ವ ಹೊಡೆಯಿತೆನ್ನುವುದು ಇದನ್ನೇ. ಪಾರ್ಶ್ವವಾಯುವಿಗೆ ಒಳಗಾದವರಲ್ಲಿ ಸುಮಾರು ಮೂರನೆಯ ಒಂದು ಪಾಲು ಮಂದಿಗೆ ಆರಂಭದಲ್ಲಿ ವಾಗ್ಲೋಪವಿರುತ್ತದೆ. ತಲೆಗೆ ಬಿದ್ದ ಪೆಟ್ಟು, ಗಡ್ಡೆ, ಮಿದುಳಿನ ಸೋಂಕುಗಳೂ ಕಾರಣಗಳಾಗಬಹುದು. ಪಾರ್ಶ್ವವಾಯುವಿನ ವಾಗ್ಲೋಪ ಕ್ಷಣಮಾತ್ರದಲ್ಲಿ ಬಂದು, ಅನಂತರ ಸ್ವಲ್ಪಸ್ವಲ್ಪವಾಗಿ ಸುಧಾರಿಸುತ್ತದೆ. ಡಿಮೆನ್ಷಿಯಾದಲ್ಲಿ ಕ್ಷಯವು ಕಣ್ಣಿಗೆ ಬೀಳದಂತೆ ತೊಡಗಿ ವರ್ಷಗಟ್ಟಲೆ ಬೆಳೆಯುತ್ತದೆ.

ಆಲ್‌ಝೈಮರ್ ರೋಗದಲ್ಲಿ ಹೊಸ ನೆನಪುಗಳನ್ನು ಕೂಡಿಸುವ ಹಿಪೊಕ್ಯಾಂಪಸ್ ಎಂಬ ಭಾಗ ಮೊದಲು ಸವೆಯುತ್ತದೆ. ಸಣ್ಣ ರಕ್ತನಾಳಗಳ ಹಾನಿಯಿಂದ ಬರುವ ರಕ್ತನಾಳೀಯ ಡಿಮೆನ್ಷಿಯಾ, ಲೂಯಿ ಕಣಗಳ ಡಿಮೆನ್ಷಿಯಾ, ಲಲಾಟ ಮತ್ತು ಶಂಖಖಂಡಗಳು ಕುಗ್ಗುವ ಫ್ರಾಂಟೋಟೆಂಪೊರಲ್ ಡಿಮೆನ್ಷಿಯಾ ಇತರ ಮುಖ್ಯ ಜಾತಿಗಳು. ಥೈರಾಯ್ಡ್ ಕೊರತೆ, ಬಿ12 ಜೀವಸತ್ವದ ಅಭಾವ, ತೀವ್ರ ಖಿನ್ನತೆ, ಮಿದುಳಿನಲ್ಲಿ ದ್ರವ ತುಂಬಿಕೊಳ್ಳುವುದು ಮುಂತಾದ, ಚಿಕಿತ್ಸೆಗೆ ಬಗ್ಗುವ ಕಾರಣಗಳೂ ಇದೇ ರೂಪದಲ್ಲಿ ತೋರಿಕೊಳ್ಳಬಹುದಾದುದರಿಂದ, ರಕ್ತಪರೀಕ್ಷೆ ಮತ್ತು ಮಿದುಳಿನ ಚಿತ್ರಣವಿಲ್ಲದೆ ಡಿಮೆನ್ಷಿಯಾ ಎಂದು ನಿರ್ಣಯಿಸುವುದು ಸರಿಯಲ್ಲ. ಸಸ್ಯಾಹಾರಿಗಳು ಹೆಚ್ಚಾಗಿರುವ ಸಮುದಾಯಗಳಲ್ಲಿ ಬಿ12ರ ಪರೀಕ್ಷೆಗೆ ವಿಶೇಷ ಮಹತ್ವವಿದೆ.

ವಾಗ್ಲೋಪದ ಪ್ರಭೇದಗಳು

ಬ್ರೋಕಾ ವಾಗ್ಲೋಪದಲ್ಲಿ ಮಾತು ಬಿಕ್ಕುಬಿಕ್ಕಾಗಿ, ಬಹಳ ಪ್ರಯಾಸದಿಂದ ಹೊರಡುತ್ತದೆ. ನಾಮಪದಗಳು ಉಳಿದು ವ್ಯಾಕರಣದ ಕಟ್ಟು ಕಳಚಿಬೀಳುತ್ತದೆ. ನಿನ್ನೆ ಮಗನ ಜೊತೆ ಆಸ್ಪತ್ರೆಗೆ ಹೋಗಿದ್ದೆನೆಂಬುದನ್ನು ಹೇಳಬೇಕಾದವನು 'ಮಗ... ಆಸ್ಪತ್ರೆ... ನಿನ್ನೆ' ಎಂದು ನಿಂತುಬಿಡುತ್ತಾನೆ. ಪ್ರತ್ಯಯವನ್ನು ಬಿಟ್ಟರೂ ಶಬ್ದ ನಿಲ್ಲುವ ಇಂಗ್ಲಿಷಿನಂತಹ ಭಾಷೆಗಳಲ್ಲಿ ಪ್ರತ್ಯಯಗಳು ಲೋಪವಾಗುವುದೂ, ಪ್ರತ್ಯಯವಿಲ್ಲದೆ ಶಬ್ದವೇ ಸಿದ್ಧಿಸದ ಭಾಷೆಗಳಲ್ಲಿ ಒಂದರ ಸ್ಥಾನಕ್ಕೆ ಇನ್ನೊಂದು ಪ್ರತ್ಯಯ ಬರುವುದೂ ಭಾಷೆಗಳ ತೌಲನಿಕ ಅಧ್ಯಯನಗಳಿಂದ ಸಿದ್ಧವಾಗಿದೆ. ವಿಭಕ್ತಿಗಳೂ ಲಿಂಗವಚನಪುರುಷಗಳನ್ನು ಅನುಸರಿಸುವ ಕ್ರಿಯಾರೂಪಗಳೂ ಸಮೃದ್ಧವಾಗಿರುವ ಕನ್ನಡವು ಈ ವಿಚಾರದಲ್ಲಿ ವಿದ್ವಾಂಸರ ಗಮನಕ್ಕೆ ಅರ್ಹವಾದ ಕ್ಷೇತ್ರ. ಈ ರೋಗಿ ತನ್ನ ಕೊರತೆಯನ್ನು ಪೂರ್ಣವಾಗಿ ಬಲ್ಲನು; ಸಿಟ್ಟೂ ಕಣ್ಣೀರೂ ಅವನಲ್ಲಿ ಸಾಮಾನ್ಯವಾಗಿರುವುದು ಇದರಿಂದಲೇ.

ವೆರ್ನಿಕೆ ವಾಗ್ಲೋಪದಲ್ಲಿ ಮಾತಿನ ಲಯವೂ ಏರಿಳಿತವೂ ಸಹಜವಾಗಿದ್ದು ಅರ್ಥ ಮಾತ್ರ ಇರುವುದಿಲ್ಲ. ತಟ್ಟೆಗೆ ಲೋಟವೆನ್ನುವುದು, ಸೌಟಿಗೆ ತೌಟೆನ್ನುವುದು, ಯಾವ ಭಾಷೆಯಲ್ಲಿಯೂ ಇಲ್ಲದ ಶಬ್ದವನ್ನು ನಿಸ್ಸಂಕೋಚವಾಗಿ ನುಡಿಯುವುದು ಇದರ ಲಕ್ಷಣಗಳು. ತಾನು ಹೇಳಿದುದು ಇತರರಿಗೆ ತಿಳಿಯಲಿಲ್ಲವೆಂಬುದು ಅವನಿಗೆ ಹೊಳೆಯುವುದಿಲ್ಲ; ಕೈಕಾಲುಗಳಲ್ಲಿ ಊನವಿಲ್ಲದಿರುವುದರಿಂದ, ಇದನ್ನು ಹುಚ್ಚೆಂದೂ ಗಾಳಿ ಸೋಕಿತೆಂದೂ ತಪ್ಪಾಗಿ ತಿಳಿಯುವ ಸಂಭವ ಎಲ್ಲ ಪ್ರಭೇದಗಳಿಗಿಂತ ಇದರಲ್ಲಿಯೇ ಅಧಿಕ. ಹೇಳುವುದೂ ಗ್ರಹಿಸುವುದೂ ಎರಡೂ ಅಳಿದರೆ ಸಮಗ್ರ ವಾಗ್ಲೋಪ. ಕೇಳಿದ ಮಾತನ್ನು ಮರಳಿ ಹೇಳುವುದು ಮಾತ್ರ ವಿಶೇಷವಾಗಿ ಕೆಟ್ಟರೆ ವಾಹಕ ವಾಗ್ಲೋಪ. ಹೆಸರುಗಳು ಮಾತ್ರ ಒದಗದಿದ್ದರೆ ನಾಮಲೋಪ. ವ್ಯವಹಾರದಲ್ಲಿ ಶುದ್ಧಪ್ರಭೇದಗಳಿಗಿಂತ ಮಿಶ್ರಪ್ರಭೇದಗಳೇ ಹೆಚ್ಚು.

ಮೆಸುಲಂ ವರ್ಣಿಸಿದ ಪ್ರಗತಿಶೀಲ ವಾಗ್ಲೋಪವು ಡಿಮೆನ್ಷಿಯಾದ ವರ್ಗಕ್ಕೆ ಸೇರಿದುದು. 2011ರಲ್ಲಿ ತಜ್ಞರು ಒಪ್ಪಿದ ವರ್ಗೀಕರಣದಂತೆ ಅದರಲ್ಲಿ ಮೂರು ಬಗೆಗಳಿವೆ: ವ್ಯಾಕರಣ ಮತ್ತು ಉಚ್ಚಾರಣೆ ಕುಸಿಯುವುದು, ಶಬ್ದಗಳ ಅರ್ಥವೇ ಅಳಿಯುವುದು, ಶಬ್ದಗಳಿಗಾಗಿ ತಡವರಿಸುತ್ತ ದೀರ್ಘವಾಕ್ಯಗಳನ್ನು ಪುನರುಚ್ಚರಿಸಲಾರದಾಗುವುದು. ಅಮೆರಿಕದ ಚಲನಚಿತ್ರನಟ ಬ್ರೂಸ್ ವಿಲ್ಲಿಸ್‌ಗೆ ವಾಗ್ಲೋಪವಿದೆಯೆಂದು 2022ರಲ್ಲಿಯೂ, ಅದು ಫ್ರಾಂಟೋಟೆಂಪೊರಲ್ ಡಿಮೆನ್ಷಿಯಾ ಎಂದು 2023ರಲ್ಲಿಯೂ ಕುಟುಂಬದವರು ಪ್ರಕಟಿಸಿದ ಮೇಲೆ ಈ ಹೆಸರುಗಳು ಸಾಮಾನ್ಯ ಓದುಗರಿಗೂ ಪರಿಚಿತವಾದವು.

ಡಿಮೆನ್ಷಿಯಾದಲ್ಲಿ ಭಾಷೆಯ ಕ್ಷಯ

ಆಲ್‌ಝೈಮರ್ ರೋಗದಲ್ಲಿ ಭಾಷೆ ಒಂದು ಕ್ರಮವನ್ನನುಸರಿಸಿ ಕುಂದುತ್ತದೆ. ಮೊದಲು ಹೋಗುವುದು ಹೆಸರುಗಳು. ಅವುಗಳ ಜಾಗದಲ್ಲಿ ಅದು, ಇದು, ಎಂಥದೋ ಎಂಬ ಸರ್ವನಾಮಗಳೂ ಸುತ್ತುಮಾತುಗಳೂ ಬಂದು ಕೂಡುತ್ತವೆ. ಬಳಿಕ ಕಥನದ ಎಳೆ ತಪ್ಪುತ್ತದೆ. ಹೇಳಿದ್ದನ್ನೇ ಹೇಳುವುದು, ಕೇಳಿದ್ದನ್ನೇ ಐದು ನಿಮಿಷಕ್ಕೊಮ್ಮೆ ಕೇಳುವುದು ತೊಡಗುತ್ತದೆ. ಉಚ್ಚಾರಣೆಯೂ ವಾಕ್ಯರಚನೆಯೂ ಮಾತ್ರ ಬಹುಕಾಲ ಅಬಾಧಿತವಾಗಿ ಉಳಿಯುವುದರಿಂದ, ಅಪರೂಪಕ್ಕೆ ಬಂದ ನೆಂಟನಿಗೆ, ಕಾಫಿ ಕುಡಿಯುತ್ತ ಕುಶಲಪ್ರಶ್ನೆಯಿಷ್ಟನ್ನೇ ಆಡಿ ಹೋಗುವವನಿಗೆ, ಏನೂ ಕೆಟ್ಟಿಲ್ಲವೆಂದೇ ತೋರುತ್ತದೆ. ಹಗಲಿರುಳು ಜೊತೆಗಿರುವ ಸೊಸೆಯೋ ಹೆಂಡತಿಯೋ ಹೇಳುವುದನ್ನು ಬಂಧುವರ್ಗ ನಂಬದಿರುವುದಕ್ಕೆ ಇದೂ ಒಂದು ಕಾರಣ. ಕೊನೆಯ ಅವಸ್ಥೆಯಲ್ಲಿ ಮಾತು ಕೆಲವೇ ಶಬ್ದಗಳಿಗೆ ಇಳಿದು, ಅನಂತರ ಮೌನವಾಗುತ್ತದೆ. ಧ್ವನಿಯ ಮೃದುತ್ವ, ಸ್ಪರ್ಶ, ಪರಿಚಿತವಾದ ಹಾಡು ಇವುಗಳಿಗೆ ಆ ಕಾಲದಲ್ಲಿಯೂ ಪ್ರತಿಕ್ರಿಯೆ ದೊರೆಯುವುದುಂಟು.

ರೋಗನಿರ್ಣಯಕ್ಕೆ ಬಹಳ ಮುಂಚೆಯೇ ಭಾಷೆಯಲ್ಲಿ ಅದರ ಸುಳಿವು ಇರಬಹುದೆಂಬುದಕ್ಕೆ ಎರಡು ಪ್ರಸಿದ್ಧ ಪ್ರಮಾಣಗಳಿವೆ. ಅಮೆರಿಕದ ಕ್ರೈಸ್ತ ಸಂನ್ಯಾಸಿನಿಯರು ಸುಮಾರು ಇಪ್ಪತ್ತೆರಡರ ಪ್ರಾಯದಲ್ಲಿ ಬರೆದಿದ್ದ ಆತ್ಮಕಥನಗಳನ್ನು ಪರಿಶೀಲಿಸಿ ಡೇವಿಡ್ ಸ್ನೋಡನ್ ಮತ್ತು ಸಂಗಡಿಗರು 1996ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವಾಕ್ಯಗಳಲ್ಲಿ ವಿಚಾರದ ಸಾಂದ್ರತೆ ಕಡಮೆಯಿದ್ದವರಿಗೆ ವೃದ್ಧಾಪ್ಯದಲ್ಲಿ ಆಲ್‌ಝೈಮರ್ ರೋಗ ಹೆಚ್ಚಾಗಿ ಬಂದುದು ಕಂಡುಬಂದಿತು. ಐರಿಷ್ ಸಂಜಾತೆ ಕಾದಂಬರಿಕಾರ್ತಿ ಐರಿಸ್ ಮರ್ಡಾಕ್ 1995ರಲ್ಲಿ ಪ್ರಕಟಿಸಿದ ಕೊನೆಯ ಕಾದಂಬರಿಯ ಶಬ್ದಸಂಪತ್ತು ಆಕೆಯ ಹಿಂದಿನ ಕೃತಿಗಳಿಗಿಂತ ಬಡವಾಗಿತ್ತೆಂಬುದನ್ನು ಪೀಟರ್ ಗ್ಯಾರಾರ್ಡ್ ಮತ್ತು ಸಂಗಡಿಗರು 2005ರಲ್ಲಿ ತೋರಿಸಿದರು. ವಾಕ್ಯರಚನೆ ಮಾತ್ರ ಅಷ್ಟಾಗಿ ಬದಲಾಗಿರಲಿಲ್ಲ.

ಬಹುಭಾಷಿಕತೆ

ಅನೇಕ ಭಾಷೆಗಳನ್ನು ಬಲ್ಲವನಿಗೆ ವಾಗ್ಲೋಪವಾದರೆ ಯಾವ ಭಾಷೆ ಮೊದಲು ಮರಳುವುದೆಂಬ ಪ್ರಶ್ನೆಗೆ, ಮೊದಲು ಕಲಿತ ಭಾಷೆಯೆಂದು ಫ್ರಾನ್ಸಿನ ರಿಬೋ, ರೋಗಕ್ಕೆ ಮುಂಚೆ ಹೆಚ್ಚಾಗಿ ಬಳಸುತ್ತಿದ್ದ ಭಾಷೆಯೆಂದು 1895ರಲ್ಲಿ ಪಿತ್ರ್ ಉತ್ತರಿಸಿದರು. ಎರಡೂ ನಿಯಮಗಳಿಗೆ ಅಪವಾದಗಳು ಬಹಳ. ಬಹುಸಂಖ್ಯೆಯ ರೋಗಿಗಳಲ್ಲಿ ಭಾಷೆಗಳೆಲ್ಲವೂ ಜೊತೆಜೊತೆಯಾಗಿಯೇ ಸುಧಾರಿಸುತ್ತವೆ. ಡಿಮೆನ್ಷಿಯಾದಲ್ಲಿ ಮಾತ್ರ ಕಡೆಯಲ್ಲಿ ಕಲಿತ ಭಾಷೆ ಹಿಂದೆ ಸರಿದು ಬಾಲ್ಯದ ಭಾಷೆ ಮುಂದಾಗುವುದು ಸಾಮಾನ್ಯವಾದುದರಿಂದ, ಮನೆಯಲ್ಲಿ ತುಳುವನ್ನೋ ಕೊಂಕಣಿಯನ್ನೋ ಆಡಿ ಬೆಳೆದು ಕನ್ನಡದಲ್ಲಿ ಓದಿ ಇಂಗ್ಲಿಷಿನಲ್ಲಿ ಉದ್ಯೋಗ ನಡೆಸಿದವರ, ಅಥವಾ ಮಕ್ಕಳೊಡನೆ ವಿದೇಶದಲ್ಲಿ ನೆಲೆಸಿದವರ ಶುಶ್ರೂಷೆಗೆ ಅವರ ಮೊದಲ ಭಾಷೆಯನ್ನು ಬಲ್ಲವರು ದೊರೆಯುವುದು ಅನುಕೂಲದ ಮಾತಲ್ಲ, ಅಗತ್ಯದ ಮಾತು.

ಈ ವಿಷಯದಲ್ಲಿ ಭಾರತದ ಕೊಡುಗೆ ಗಣನೀಯ. ಹೈದರಾಬಾದಿನ ನಿಜಾಮ್ಸ್ ವೈದ್ಯವಿಜ್ಞಾನ ಸಂಸ್ಥೆಯಲ್ಲಿ 648 ಮಂದಿ ಡಿಮೆನ್ಷಿಯಾ ರೋಗಿಗಳನ್ನು ಪರಿಶೀಲಿಸಿ ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಎರಡು ಅಥವಾ ಹೆಚ್ಚು ಭಾಷೆಗಳನ್ನಾಡುವವರಲ್ಲಿ ರೋಗವು ಏಕಭಾಷಿಕರಿಗಿಂತ ಸುಮಾರು ನಾಲ್ಕೂವರೆ ವರ್ಷ ತಡವಾಗಿ ತೋರಿಕೊಂಡಿತು. ಶಾಲೆಯ ಮುಖವನ್ನೇ ಕಾಣದವರಲ್ಲಿಯೂ ಈ ಅಂತರ ಉಳಿದುದು ಇದರ ವೈಶಿಷ್ಟ್ಯ. ವಿದ್ಯೆಯ ಫಲವನ್ನು ಭಾಷೆಯ ಫಲವೆಂದು ಎಣಿಸಿರಬಹುದೆಂಬ ಆಕ್ಷೇಪಕ್ಕೆ ಅದು ಉತ್ತರವಾಯಿತು. ಬೇರೆ ದೇಶಗಳಲ್ಲಿ ಆರೋಗ್ಯವಂತರನ್ನು ಮುಂದಕ್ಕೆ ಅನುಸರಿಸಿ ನಡೆಸಿದ ಕೆಲವು ಅಧ್ಯಯನಗಳಲ್ಲಿ ಇಂಥ ಲಾಭ ಕಂಡುಬಂದಿಲ್ಲವಾದುದರಿಂದ ವಿವಾದ ಇನ್ನೂ ಮುಗಿದಿಲ್ಲ. ಬಹುಭಾಷಿಕತೆ ರೋಗವನ್ನು ತಡೆಯುವ ಕವಚವಂತೂ ಅಲ್ಲ: ಮಂಗಳೂರಿನಲ್ಲಿ ಜನಿಸಿ ಅನೇಕ ಭಾಷೆಗಳಲ್ಲಿ ವಾಗ್ಮಿಯೆನಿಸಿದ್ದ ರಾಜಕಾರಣಿ ಜಾರ್ಜ್ ಫರ್ನಾಂಡಿಸ್ ಆಲ್‌ಝೈಮರ್ ರೋಗಕ್ಕೆ ತುತ್ತಾಗಿ, 2019ರಲ್ಲಿ ನಿಧನರಾಗುವ ಮುನ್ನ ಹಲವು ವರ್ಷ ಸಾರ್ವಜನಿಕ ಜೀವನದಿಂದ ದೂರವಿದ್ದರು.

ದೈನಂದಿನ ಜೀವನದ ಮೇಲೆ ಪರಿಣಾಮ

ವಾಗ್ಲೋಪ ಹೊಂದಿದವನು ಮನೆಯೊಳಗೆ ಹೇಗೋ ನಡೆಸಿಕೊಂಡಾನು. ಹೊರಗಿನ ವ್ಯವಹಾರವೆಲ್ಲ ಭಾಷೆಯ ಮೇಲೆಯೇ ನಿಂತಿರುವುದರಿಂದ ಅಲ್ಲಿ ಅವನು ನಿಸ್ಸಹಾಯನು. ಬಸ್ಸಿನಲ್ಲಿ ಇಳಿಯುವ ಊರಿನ ಹೆಸರು, ಔಷಧಿ ಅಂಗಡಿಯಲ್ಲಿ ಮಾತ್ರೆಯ ಹೆಸರು, ಫೋನಿನಲ್ಲಿ ಬಂದ ಓಟಿಪಿಯ ಅಂಕೆಗಳು, ಒಂದೊಂದೂ ಗೋಡೆಯಾಗುತ್ತದೆ. ಹೌದು ಎನ್ನಬೇಕಾದಲ್ಲಿ ಇಲ್ಲವೆಂದು ಬಾಯಿ ತಪ್ಪುವುದರಿಂದ ವೈದ್ಯನ ಪ್ರಶ್ನೆಗೂ ವಕೀಲನ ಪ್ರಶ್ನೆಗೂ ಅವನ ಉತ್ತರವನ್ನು ನೆಚ್ಚುವುದು ಕಷ್ಟ. ಬಲಗೈ ಸ್ವಾಧೀನ ತಪ್ಪಿ ಸಹಿ ಬದಲಾದವರನ್ನು ಬ್ಯಾಂಕಿನವರು ಹೆಬ್ಬೆಟ್ಟಿಗೆ ಕಳುಹಿಸುತ್ತಾರೆ. ದುಡಿಯುವ ವಯಸ್ಸಿನಲ್ಲಿ ಈ ಸ್ಥಿತಿ ಬಂದರೆ ಉದ್ಯೋಗನಷ್ಟವೂ, ಗೆಳೆಯರು ಮಾತನಾಡಲಾಗದೆ ಕ್ರಮೇಣ ಬರುವುದನ್ನೇ ಬಿಡುವುದರಿಂದ ಏಕಾಂಗಿತನವೂ ಒದಗುತ್ತವೆ. ಪಾರ್ಶ್ವವಾಯುವಿನ ಅನಂತರದ ಖಿನ್ನತೆ ವಾಗ್ಲೋಪವಿದ್ದವರಲ್ಲಿ ಹೆಚ್ಚು.

ಡಿಮೆನ್ಷಿಯಾದಲ್ಲಿ ಮೊದಲು ಕೈಬಿಡುವುವು ಲೆಕ್ಕಾಚಾರ ಬೇಕಾದ ಕೆಲಸಗಳು: ಹಣದ ವ್ಯವಹಾರ, ಮಾತ್ರೆಗಳ ಹೊತ್ತು, ಪ್ರಯಾಣ, ಒಲೆಯ ಮೇಲಿಟ್ಟ ಅಡುಗೆಯ ಮೇಲಿನ ಗಮನ. ಸ್ನಾನ, ಬಟ್ಟೆ, ಊಟ, ಶೌಚಗಳ ಸ್ವಾವಲಂಬನೆ ಅಳಿಯುವುದು ಕೊನೆಯಲ್ಲಿ. ಭಾಷೆ ಕ್ಷೀಣಿಸಿದಾಗ ನೋವು, ಹಸಿವು, ಮೂತ್ರದ ಬಾಧೆಗಳನ್ನು ಹೇಳಲಾಗದೆ ಅವು ಕೂಗಾಟ, ಅಲೆದಾಟ, ಕೈಯೆತ್ತುವುದು ಮೊದಲಾದ ರೂಪಗಳಲ್ಲಿ ಪ್ರಕಟವಾಗುತ್ತವೆ. ಹಟವೆಂದು ಗದರಿಸಲ್ಪಡುವ ನಡವಳಿಕೆಯ ಹಿಂದೆ ಮೂತ್ರದ ಸೋಂಕೋ ಹಲ್ಲುನೋವೋ ಇರುವುದು ಅಪರೂಪವಲ್ಲ. ಮಗಳನ್ನು ಅವ್ವ ಎಂದು ಕರೆಯುವುದು, ತೀರಿಹೋದ ಅಣ್ಣ ಬಂದನೇ ಎಂದು ಕೇಳುವುದು, ಸ್ವಂತ ಮನೆಯಲ್ಲಿ ಕುಳಿತೇ ಮನೆಗೆ ಹೋಗೋಣವೆಂದು ಹೊರಡುವುದು ಬಂಧುಗಳಿಗೆ ಅತ್ಯಂತ ದುಃಖಕರವಾದ ಲಕ್ಷಣಗಳು. ನಮ್ಮ ದೇಶದಲ್ಲಿ ಶುಶ್ರೂಷೆಯ ಭಾರ ಬಹುತೇಕ ಮನೆಯ ಹೆಂಗಸರ ಮೇಲೆ ಬೀಳುತ್ತದೆ, ಮತ್ತು ಆ ದುಡಿಮೆ ಯಾವ ಲೆಕ್ಕಕ್ಕೂ ಬರುವುದಿಲ್ಲ.

ಪರೀಕ್ಷಾವಿಧಾನಗಳು

ಒಂದು ಭಾಷೆಗಾಗಿ ರಚಿಸಿದ ಪರೀಕ್ಷೆಯನ್ನು ಇನ್ನೊಂದಕ್ಕೆ ಬರಿದೆ ಅನುವಾದಿಸಿದರೆ ಅದು ರೋಗವನ್ನಲ್ಲದೆ ಶಿಕ್ಷಣವನ್ನು ಅಳೆಯುತ್ತದೆ. ಅಮೆರಿಕದಲ್ಲಿ 1975ರಲ್ಲಿ ಪ್ರಕಟವಾಗಿ ಲೋಕದಲ್ಲೆಲ್ಲ ಬಳಕೆಗೆ ಬಂದ ಸಂಕ್ಷಿಪ್ತ ಮಾನಸಿಕ ಪರೀಕ್ಷೆಯಲ್ಲಿ ವಾಕ್ಯ ಬರೆಯುವುದೂ ಚಿತ್ರ ನಕಲಿಸುವುದೂ ಇರುವುದರಿಂದ, ಅನಕ್ಷರಸ್ಥರು ಆರೋಗ್ಯವಾಗಿದ್ದರೂ ಅಂಕ ಕಳೆದುಕೊಳ್ಳುತ್ತಾರೆ. ಇದನ್ನು ಸರಿಪಡಿಸಲು ಮೇರಿ ಗಂಗೂಲಿ ಮತ್ತು ಸಂಗಡಿಗರು ಹರಿಯಾಣದ ಬಲ್ಲಭಗಢದ ಗ್ರಾಮೀಣರಿಗಾಗಿ 1995ರಲ್ಲಿ ಹಿಂದಿ ರೂಪಾಂತರವನ್ನು ರಚಿಸಿದರು. ವಾಗ್ಲೋಪಕ್ಕೆ ಆಂಡ್ರೂ ಕರ್ಟೆಸ್ ರಚಿಸಿದ ವೆಸ್ಟರ್ನ್ ಅಫೇಸಿಯಾ ಬ್ಯಾಟರಿಯ ಕನ್ನಡ ರೂಪ, 1965ರಲ್ಲಿ ಸ್ಥಾಪಿತವಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯ ವಿದ್ವಾಂಸರ ಶ್ರಮದಿಂದ ಲಭ್ಯವಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಸಿದ್ಧಪಡಿಸಿದ ಅರಿವಿನ ಪರೀಕ್ಷಾಸಂಪುಟ ಕನ್ನಡವೂ ಸೇರಿದಂತೆ ಹಲವು ಭಾಷೆಗಳಲ್ಲಿದೆ. ಕಾಗುಣಿತ, ಒತ್ತಕ್ಷರಗಳಿಂದ ಕೂಡಿದ, ಬರೆದಂತೆ ಓದುವ ಕನ್ನಡ ಲಿಪಿಯಲ್ಲಿ ಓದಿನ ನಷ್ಟವು ಇಂಗ್ಲಿಷಿನ ಓದಿನ ನಷ್ಟಕ್ಕಿಂತ ಭಿನ್ನವಾಗಿ ತೋರುವುದನ್ನು ಪ್ರತಿಭಾ ಕಾರಂತರು ಅಧ್ಯಯನ ಮಾಡಿದ್ದಾರೆ. ಯಾವ ಪರೀಕ್ಷೆಗೂ ಮುಂಚೆ ಕಿವಿ ಮತ್ತು ಕಣ್ಣುಗಳನ್ನು ಪರೀಕ್ಷಿಸಬೇಕು; ಕಿವಿ ಮಂದವಾದ ವೃದ್ಧನು ತಪ್ಪು ಉತ್ತರ ಕೊಡುವುದು ಅರಿವಿನ ದೋಷದಿಂದಲ್ಲ.

ಚಿಕಿತ್ಸೆ ಮತ್ತು ಸಂಭಾಷಣಾಕ್ರಮ

ಪಾರ್ಶ್ವವಾಯುವಿನಲ್ಲಿ ಹೆಪ್ಪು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಗಳೊಳಗೆ ಕೊಡಬೇಕಾದುದರಿಂದ, ಮಾತು ಏಕಾಏಕಿ ತಪ್ಪಿದಾಗ ಬೆಳಗಾಗಲೆಂದು ಕಾಯುವುದು ಸಲ್ಲದು. ವಾಗ್ಲೋಪದ ಸುಧಾರಣೆ ಮೊದಲ ಮೂರು ತಿಂಗಳಲ್ಲಿ ಅತಿ ವೇಗವಾಗಿದ್ದು, ಅನಂತರ ನಿಧಾನವಾದರೂ ವರ್ಷಗಳವರೆಗೆ ನಡೆಯಬಲ್ಲುದು. ವಾಕ್‌ಚಿಕಿತ್ಸೆಯೇ ಮುಖ್ಯೋಪಾಯ. ಹಾಡಿನ ಧಾಟಿಯಲ್ಲಿ ನುಡಿಗಟ್ಟುಗಳನ್ನು ಹೇಳಿಸಿ, ಧಾಟಿಯನ್ನು ಮೆಲ್ಲಗೆ ಬಿಡಿಸುತ್ತ ಬರುವ ರಾಗಾನುಸಾರಿ ಚಿಕಿತ್ಸೆ ಬಾಸ್ಟನ್ನಿನಲ್ಲಿ 1970ರ ದಶಕದಲ್ಲಿ ರೂಪುಗೊಂಡಿತು. ಸನ್ನೆಯ ಆಸರೆಯನ್ನು ತಡೆದು ಮಾತನ್ನೇ ತೀವ್ರವಾಗಿ ಅಭ್ಯಾಸ ಮಾಡಿಸುವ ವಿಧಾನ 2001ರ ಸುಮಾರಿಗೆ ಬಂದಿತು.

ಆಲ್‌ಝೈಮರ್ ರೋಗಕ್ಕೆ ಡೊನೆಪೆಜಿಲ್, ರಿವಾಸ್ಟಿಗ್ಮಿನ್, ಗ್ಯಾಲಂಟಮಿನ್, ಮೆಮಾಂಟಿನ್ ಎಂಬ ಔಷಧಗಳು ಲಕ್ಷಣಗಳನ್ನು ಸ್ವಲ್ಪಕಾಲ ಹತೋಟಿಯಲ್ಲಿಡುತ್ತವೆ, ರೋಗವನ್ನು ನಿಲ್ಲಿಸುವುದಿಲ್ಲ. ಮಿದುಳಿನ ಚಕ್ಕೆಗಳನ್ನು ತೆಗೆಯುವ ಲೆಕಾನೆಮಾಬ್ 2023ರಲ್ಲಿಯೂ ಡೊನಾನೆಮಾಬ್ 2024ರಲ್ಲಿಯೂ ಅಮೆರಿಕದಲ್ಲಿ ಪೂರ್ಣ ಅನುಮತಿ ಪಡೆದವು. ಅವು ಆರಂಭಿಕ ಅವಸ್ಥೆಯವರಿಗೆ ಮಾತ್ರ, ಫಲ ಮಿತ, ಮಿದುಳಿನ ಊತ ಮತ್ತು ರಕ್ತಸ್ರಾವದ ಭಯವುಳ್ಳವು.

ಮನೆಯವರ ಮಾತಿನ ಕ್ರಮವೂ ಚಿಕಿತ್ಸೆಯ ಅಂಗವೇ. ವಾಗ್ಲೋಪ ಹೊಂದಿದವನೊಡನೆ ದೊಡ್ಡವರ ವಿಷಯಗಳನ್ನೇ ದೊಡ್ಡವರ ಧಾಟಿಯಲ್ಲಿ, ಆದರೆ ಚಿಕ್ಕ ವಾಕ್ಯಗಳಲ್ಲಿ ಆಡಬೇಕು. ಶಬ್ದ ತಡವಾದಾಗ ಕಾಯಬೇಕು. ಚಿತ್ರ, ಸನ್ನೆ, ಬರೆಹಗಳನ್ನು ಬಳಸಬೇಕು. ಅರ್ಥವಾಗದಿದ್ದಾಗ ಅರ್ಥವಾದಂತೆ ತಲೆದೂಗಬಾರದು. ಡಿಮೆನ್ಷಿಯಾದಲ್ಲಿ ಕ್ರಮ ಬೇರೆ. ನಾನು ಯಾರು ಹೇಳು ಎಂದು ಪರೀಕ್ಷಿಸುವ ಬದಲು ತನ್ನ ಹೆಸರನ್ನೂ ನಂಟನ್ನೂ ತಾನೇ ಹೇಳಿ ಮಾತು ತೊಡಗಬೇಕು. ಒಂದು ಸಲಕ್ಕೆ ಒಂದು ಸೂಚನೆ ಕೊಡಬೇಕು. ತೀರಿಹೋದವರನ್ನು ಕೇಳಿದಾಗ ಸಾವಿನ ಸುದ್ದಿಯನ್ನು ಮತ್ತೆಮತ್ತೆ ಹೇಳಿ ಅಳಿಸುವುದಕ್ಕಿಂತ, ಆ ವ್ಯಕ್ತಿಯ ಬಗ್ಗೆ ಮಾತು ಬೆಳೆಸುವುದು ಮೇಲು. ಇಬ್ಬರ ಮುಂದೆಯೂ ಅವರು ಅಲ್ಲಿಲ್ಲವೆಂಬಂತೆ ಅವರ ವಿಷಯವನ್ನು ಆಡಬಾರದು.

ಸದ್ಯದ ಸ್ಥಿತಿ

ಲೋಕದಲ್ಲಿ ಐದೂವರೆ ಕೋಟಿಗೂ ಹೆಚ್ಚು ಮಂದಿ ಡಿಮೆನ್ಷಿಯಾ ಉಳ್ಳವರಿರುವರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಭಾರತದಲ್ಲಿ 60 ವರ್ಷ ಮೀರಿದವರಲ್ಲಿ ಶೇಕಡ 7.4ರಷ್ಟು, ಎಂದರೆ ಸುಮಾರು 88 ಲಕ್ಷ ಜನ ಇದಕ್ಕೆ ಒಳಗಾಗಿರುವರೆಂದು 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಧ್ಯಯನ ತಿಳಿಸುತ್ತದೆ. ಪುರುಷರಿಗಿಂತ ಸ್ತ್ರೀಯರಲ್ಲಿ, ನಗರಗಳಿಗಿಂತ ಗ್ರಾಮಗಳಲ್ಲಿ ಪ್ರಮಾಣ ಅಧಿಕ. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಧೂಮಪಾನ, ಶ್ರವಣದೋಷ, ವಿದ್ಯೆಯ ಅಭಾವ ಮೊದಲಾದ ಹದಿನಾಲ್ಕು ಕಾರಣಗಳನ್ನು ನಿವಾರಿಸಿದರೆ ಸುಮಾರು ಶೇಕಡ 45ರಷ್ಟು ಪ್ರಸಂಗಗಳನ್ನು ತಡೆಯಬಹುದು ಅಥವಾ ಮುಂದೂಡಬಹುದೆಂದು ಲ್ಯಾನ್ಸೆಟ್ ಆಯೋಗ 2024ರಲ್ಲಿ ಲೆಕ್ಕಹಾಕಿದೆ.

ಅಂಗವಿಕಲರ ಹಕ್ಕುಗಳ 2016ರ ಅಧಿನಿಯಮವು ವಾಕ್ ಮತ್ತು ಭಾಷಾವೈಕಲ್ಯವನ್ನು 21 ವೈಕಲ್ಯಗಳಲ್ಲಿ ಒಂದಾಗಿ ಎಣಿಸಿ, ಅದರ ನಿರೂಪಣೆಯಲ್ಲಿ ಅಫೇಸಿಯಾವನ್ನು ಹೆಸರಿಸಿ ಹೇಳಿದೆ. ಆ ಪಟ್ಟಿಯಲ್ಲಿ ಡಿಮೆನ್ಷಿಯಾದ ಹೆಸರು ಪ್ರತ್ಯೇಕವಾಗಿಲ್ಲ. ರೋಗಿಗಳಿಗೂ ಕುಟುಂಬಗಳಿಗೂ ನೆರವಾಗುವ ಆಲ್‌ಝೈಮರ್ಸ್ ಅಂಡ್ ರಿಲೇಟೆಡ್ ಡಿಸಾರ್ಡರ್ಸ್ ಸೊಸೈಟಿ 1992ರಲ್ಲಿ ಕೇರಳದಲ್ಲಿ ಹುಟ್ಟಿ ಬೆಂಗಳೂರಿನಲ್ಲಿಯೂ ಶಾಖೆ ಹೊಂದಿದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಸಹಯೋಗದಿಂದ ರಾಜ್ಯ ಸರಕಾರ 2022ರಲ್ಲಿ ಆರಂಭಿಸಿದ ಕರ್ನಾಟಕ ಬ್ರೇನ್ ಹೆಲ್ತ್ ಇನಿಷಿಯೇಟಿವ್ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ತರಬೇತಿ ಕೊಡುವ ಉದ್ದೇಶವುಳ್ಳದ್ದು. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರವು ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನಲ್ಲಿ 45 ವರ್ಷ ಮತ್ತು ಅದಕ್ಕೆ ಮೇಲ್ಪಟ್ಟ 10,000 ಗ್ರಾಮವಾಸಿಗಳನ್ನು ಸೇರಿಸಿಕೊಳ್ಳುವ ಗುರಿಯಿಂದ ದೀರ್ಘಾವಧಿ ಅಧ್ಯಯನವೊಂದನ್ನು ನಡೆಸುತ್ತಿದೆ. ಅವರ ನೆನಪು, ಭಾಷೆ, ರಕ್ತ ಮತ್ತು ಮಿದುಳಿನ ಚಿತ್ರಗಳನ್ನು ನಿಯತಕಾಲಗಳಲ್ಲಿ ಪರೀಕ್ಷಿಸುತ್ತ ಹೋಗುವುದು ಅದರ ವಿಧಾನ.